ಹುಣ್ಣು ಮಾಯಿತು, ಕಾಲು ಊದಿತು

ನೆದರ್‌ಲೆಂಡ್ಸ್ ದೇಶದ ಉತ್ತರ ಭಾಗದಲ್ಲಿ ಫ್ರೀಸ್‌ಲೆಂಡ್ ಎಂಬ ಪ್ರಾಂತವಿದೆ. ಅಲ್ಲಿಯ ಹೇರನ್‌ವೇನ್ ಎಂಬ ಊರಿನಲ್ಲಿ 1940ರ ದಶಕದಲ್ಲಿ ರೇವರ್ಸ್ ಎಂಬ ವೈದ್ಯರಿದ್ದರು. ಜಠರದ ಹುಣ್ಣಿಗೆ ಆ ದಿನಗಳಲ್ಲಿ ಇಂದಿನಂಥ ಖಚಿತ ಔಷಧ ಇರಲಿಲ್ಲ. ಹಾಲು, ಖಾರವಿಲ್ಲದ ಮೆತ್ತನೆಯ ಊಟ, ಹಾಸಿಗೆಯಲ್ಲಿ ವಿಶ್ರಾಂತಿ, ಹುಳಿಯನ್ನು ತಗ್ಗಿಸುವ ಒಂದಿಷ್ಟು ಪುಡಿ, ಇವಿಷ್ಟೇ ಚಿಕಿತ್ಸೆ. ಇದರಿಂದ ಮಾಯದಿದ್ದರೆ ಶಸ್ತ್ರಕ್ರಿಯೆ. ಹೀಗಿರುವಾಗ ತಮ್ಮ ಹುಣ್ಣಿನ ರೋಗಿಗಳಲ್ಲಿ ಕೆಲವರು ಬೇಗನೆ ಚೇತರಿಸಿಕೊಳ್ಳುತ್ತಿರುವುದನ್ನು ರೇವರ್ಸ್ ಗಮನಿಸಿದರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ಭಾಗದ ಔಷಧ ವ್ಯಾಪಾರಿಯೊಬ್ಬರು ತಯಾರಿಸುತ್ತಿದ್ದ ಒಂದು ಲೇಹ್ಯವನ್ನು ಅವರೆಲ್ಲ ತಿನ್ನುತ್ತಿದ್ದರು. ಕಪ್ಪಾಗಿ, ಅಂಟಂಟಾಗಿ, ಸಿಹಿಯಾಗಿದ್ದ ಆ ಲೇಹ್ಯದಲ್ಲಿ ನೂರಕ್ಕೆ 40 ಪಾಲು ಒಂದು ಬೇರಿನ ಸಾರ.

ಆ ಬೇರು ಕನ್ನಡಿಗರಿಗೆ ಹೊಸದೇನಲ್ಲ. ಇಂಗ್ಲಿಷಿನಲ್ಲಿ ಲಿಕೊರಿಸ್ ಎನ್ನುವ ಇದೇ ನಮ್ಮ ಜ್ಯೇಷ್ಠಮಧು, ಅತಿಮಧುರ, ಆಯುರ್ವೇದದ ಯಷ್ಟಿಮಧು. ಯಾವ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದರೂ ಕಡ್ಡಿಯಂಥ ತುಂಡುಗಳನ್ನು ಕಾಗದದಲ್ಲಿ ಕಟ್ಟಿಕೊಡುತ್ತಾರೆ. ಒಳಗೆ ಹಳದಿ, ಹೊರಗೆ ಕಂದು. ಗಂಟಲು ಕೆಟ್ಟರೆ ಸಂಗೀತಗಾರರು ಒಂದು ಚೂರನ್ನು ದವಡೆಯಲ್ಲಿಟ್ಟುಕೊಳ್ಳುತ್ತಾರೆ. ಕೆಮ್ಮಿಗೆ ಮನೆಯಲ್ಲಿ ಕಷಾಯ ಕಾಯಿಸುತ್ತಾರೆ. ಗಿಡ ಬೆಳೆಯುವುದು ಮಾತ್ರ ಮಧ್ಯ ಏಷ್ಯಾ, ಇರಾನ್, ಅಫ್ಘಾನಿಸ್ತಾನ, ದಕ್ಷಿಣ ಯೂರೋಪಿನಂಥ ಪ್ರದೇಶಗಳಲ್ಲಿ. ಕ್ರಿಸ್ತಪೂರ್ವದ ಗ್ರೀಕ್ ಪಂಡಿತ ಥಿಯೋಫ್ರಾಸ್ಟಸ್ ಇದನ್ನು ಉಬ್ಬಸಕ್ಕೂ ಒಣಕೆಮ್ಮಿಗೂ ಒಳ್ಳೆಯದೆಂದು ಬರೆದಿದ್ದಾನೆ. ಬಾಯಲ್ಲಿಟ್ಟುಕೊಂಡರೆ ಬಾಯಾರಿಕೆ ಹಿಂಗುತ್ತದೆ ಎಂದೂ ಸೇರಿಸಿದ್ದಾನೆ. ಗಿಡದ ಶಾಸ್ತ್ರೀಯ ಹೆಸರಾದ ಗ್ಲಿಸಿರೈಜಾ ಎಂಬುದಕ್ಕೆ ಗ್ರೀಕ್ ಭಾಷೆಯಲ್ಲಿ ಸಿಹಿಬೇರು ಎಂದೇ ಅರ್ಥ. ಸಿಹಿಗೆ ಕಾರಣ ಅದರಲ್ಲಿರುವ ಗ್ಲಿಸಿರೈಜಿನ್ ಎಂಬ ವಸ್ತು. ಅದು ಸಕ್ಕರೆಗಿಂತ ಹಲವು ಹತ್ತು ಪಟ್ಟು ಸಿಹಿ.

ರೇವರ್ಸ್ ಈ ಲೇಹ್ಯವನ್ನು ತಾವೇ ರೋಗಿಗಳಿಗೆ ಕೊಟ್ಟು ನೋಡಿದರು. 1946ರಲ್ಲಿ ಡಚ್ ವೈದ್ಯಪತ್ರಿಕೆಯಲ್ಲಿ ವರದಿಯನ್ನೂ ಪ್ರಕಟಿಸಿದರು. ಹುಣ್ಣು ಮಾಯುತ್ತಿತ್ತು, ನಿಜ. ಆದರೆ ಸುಮಾರು ಐವರಲ್ಲಿ ಒಬ್ಬರಿಗೆ ಮುಖ, ಕಾಲು ಊದಿಕೊಳ್ಳುತ್ತಿತ್ತು. ಕೆಲವರಿಗೆ ತಲೆನೋವು, ಏದುಸಿರು. ಲೇಹ್ಯವನ್ನು ಕಡಿಮೆ ಮಾಡಿದರೆ ಊತ ಇಳಿಯುತ್ತಿತ್ತು. ಹೊಟ್ಟೆಯ ಮದ್ದಿಗೂ ಕಾಲಿನ ಬಾವಿಗೂ ಎಲ್ಲಿಯ ಸಂಬಂಧ? ಇನ್ನೊಬ್ಬ ವೈದ್ಯರಾಗಿದ್ದರೆ ರೋಗಿಗೆ ಒಗ್ಗಲಿಲ್ಲವೆಂದು ಬದಿಗಿಟ್ಟು ಮುಂದೆ ಹೋಗಬಹುದಿತ್ತು. ರೇವರ್ಸ್ ಅದನ್ನೂ ಬರೆದಿಟ್ಟರು. ಹುಣ್ಣಿನ ಮಾತು ಇಂದು ಬಹುಮಟ್ಟಿಗೆ ಮರೆತುಹೋಗಿದೆ, ಊತದ ಮಾತು ಉಳಿದುಕೊಂಡಿದೆ. ಅದರ ಕಾರಣ ಪೂರ್ತಿ ಬಯಲಾಗಲು ಮತ್ತೆ 40 ವರ್ಷಗಳೇ ಬೇಕಾದವು.

ಊತ ಎಂದರೆ ದೇಹದಲ್ಲಿ ನೀರು ನಿಂತಿದೆ ಎಂದರ್ಥ. ನೀರು ತಾನಾಗಿ ನಿಲ್ಲುವುದಿಲ್ಲ, ಉಪ್ಪು ಅದನ್ನು ಹಿಡಿದು ನಿಲ್ಲಿಸುತ್ತದೆ. ಆಸ್ಪತ್ರೆಯಲ್ಲಿ ಬಾಟಲಿಯಿಂದ ರಕ್ತಕ್ಕೆ ಹನಿಸುವ ಸಲೈನ್ ದ್ರಾವಣವನ್ನು ನೋಡದವರಿಲ್ಲ. ಅದರ ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿರುತ್ತದೆ. ದೇಹದ ಜೀವಕೋಶಗಳ ಹೊರಗಿನ ದ್ರವಕ್ಕೂ ಹೆಚ್ಚುಕಡಿಮೆ ಅದೇ ಉಪ್ಪಿನಂಶದ ಹದ. ಹದ ಕೆಡದಂತೆ ನೋಡಿಕೊಳ್ಳುವುದು ದೇಹದ ಹಟ. ಆದ್ದರಿಂದ 9 ಗ್ರಾಂ ಉಪ್ಪು ಹೊರಹೋಗದೆ ಉಳಿದರೆ ಅದರೊಂದಿಗೆ ಒಂದು ಲೀಟರ್ ನೀರೂ ಉಳಿಯುತ್ತದೆ. ತೂಕ ಒಂದು ಕಿಲೋ ಏರುತ್ತದೆ. 18 ಗ್ರಾಂ ಉಳಿದರೆ ಎರಡು ಕಿಲೋ. ಸಂಜೆಯ ಹೊತ್ತಿಗೆ ಪಾದದ ಗಂಟಿನ ಬಳಿ ಬೆರಳಿನಿಂದ ಒತ್ತಿದರೆ ಗುಳಿ ಬೀಳುವುದಕ್ಕೆ ಇಷ್ಟು ಸಾಕು. ರಕ್ತನಾಳಗಳಲ್ಲೂ ದ್ರವ ಹೆಚ್ಚಿ ರಕ್ತದೊತ್ತಡ ಏರುತ್ತದೆ.

ಈ ಲೆಕ್ಕ ನಡೆಯುವುದು ಮೂತ್ರಪಿಂಡಗಳಲ್ಲಿ. ಅಲ್ಲಿ ದಿನವೊಂದಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ ಬರುತ್ತದೆ. ಅದರಲ್ಲಿ ಕರಗಿರುವ ಸೋಡಿಯಂ ಅನ್ನು ಅಡುಗೆ ಉಪ್ಪಿನ ಲೆಕ್ಕದಲ್ಲಿ ಹೇಳಿದರೆ ಸುಮಾರು ಒಂದೂವರೆ ಕಿಲೋ! ಇದೆಲ್ಲ ಮೂತ್ರದಲ್ಲಿ ಹೋದರೆ ಮನುಷ್ಯ ಒಂದು ದಿನವೂ ಬದುಕಲಾರ. ಹಾಗಾಗಿ ಸೋಸಿದ್ದರಲ್ಲಿ ನೂರಕ್ಕೆ 99 ಪಾಲನ್ನು ಮೂತ್ರಪಿಂಡದ ಸೂಕ್ಷ್ಮ ನಾಳಗಳು ಮತ್ತೆ ಹೀರಿಕೊಂಡು ರಕ್ತಕ್ಕೆ ಮರಳಿಸುತ್ತವೆ. ಹೆಚ್ಚಿನ ಪಾಲು ಮೊದಲ ತಿರುವುಗಳಲ್ಲೇ ಹಿಂತಿರುಗುತ್ತದೆ. ಕೊನೆಯ ತಿರುವಿನಲ್ಲಿ ಉಳಿದಿರುವ ಅಲ್ಪಸ್ವಲ್ಪ ಉಪ್ಪನ್ನು ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸುವುದು ಒಂದು ಹಾರ್ಮೋನು. ನೂರಕ್ಕೆ ಎರಡು ಪಾಲೆಂದರೆ ಯಾವ ಲೆಕ್ಕ ಎನ್ನಬಹುದು. ಒಂದೂವರೆ ಕಿಲೋದಲ್ಲಿ ನೂರಕ್ಕೆ ಎರಡು ಎಂದರೆ 30 ಗ್ರಾಂ, ಅಂದರೆ ಮೂರು ಲೀಟರಿಗೂ ಮಿಕ್ಕಿದ ನೀರು.

ಆ ಹಾರ್ಮೋನಿನ ಹೆಸರು ಅಲ್ಡೋಸ್ಟೆರೋನ್. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳಿಂದ ಅದು ಸ್ರವಿಸುತ್ತದೆ. ಸೋಡಿಯಂ ಅನ್ನು ಒಳಕ್ಕೆ ಎಳೆದುಕೊಳ್ಳುವುದು, ಪೊಟಾಸಿಯಂ ಅನ್ನು ಮೂತ್ರಕ್ಕೆ ಬಿಡುವುದು ಅದರ ಕೆಲಸ. ಈ ಗ್ರಂಥಿಗಳು ಹಾಳಾದರೆ ಬರುವ ರೋಗವನ್ನು ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲೇ ವರ್ಣಿಸಿದ್ದ. ಅಂಥವರು ಉಪ್ಪನ್ನು ಹಿಡಿದಿಟ್ಟುಕೊಳ್ಳಲಾರದೆ ಸೊರಗಿ ಸಾಯುತ್ತಿದ್ದರು. ಆದರೆ ಅಲ್ಡೋಸ್ಟೆರೋನ್ ಬೇರ್ಪಡಿಸಿ ತೆಗೆಯಲು ಸಾಧ್ಯವಾದದ್ದು 1953ರಲ್ಲಿ, ಲಂಡನ್ನಿನ ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಅವರು ಸ್ವಿಟ್ಜರ್‌ಲೆಂಡಿನ ರಸಾಯನ ವಿಜ್ಞಾನಿಗಳ ಜೊತೆ ಸೇರಿ ನಡೆಸಿದ ಕೆಲಸದಿಂದ. ರೇವರ್ಸ್ ವರದಿ ಬರೆದಾಗ ಆ ಹೆಸರೇ ಹುಟ್ಟಿರಲಿಲ್ಲ.

ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಬೋರ್ಸ್ಟ್ ಎಂಬ ಪ್ರಾಧ್ಯಾಪಕರು ಈ ಊತದ ಬೆನ್ನುಹತ್ತಿದರು. ಜ್ಯೇಷ್ಠಮಧುವಿನ ಸಾರ ಕೊಟ್ಟವರ ಮೂತ್ರವನ್ನು ದಿನದಿನವೂ ಅಳೆದು ನೋಡಿದರೆ ಸೋಡಿಯಂ ಇಳಿದಿತ್ತು, ಪೊಟಾಸಿಯಂ ಏರಿತ್ತು, ಮೈತೂಕ ಹೆಚ್ಚಿತ್ತು. ಅಡಿಸನ್ ರೋಗಿಗಳಿಗೆ ಆ ಕಾಲದಲ್ಲಿ ಕೊಡುತ್ತಿದ್ದ ಡಿಆಕ್ಸಿಕಾರ್ಟೋನ್ ಎಂಬ ಕೃತಕ ಹಾರ್ಮೋನು ಮಾಡುತ್ತಿದ್ದುದೂ ಇದನ್ನೇ. ಅವರ ತಂಡ ಇದನ್ನು 1950ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿತು. ಅಂಗಡಿಯಲ್ಲಿ ಸಿಗುವ ಒಂದು ಬೇರು ಹಾರ್ಮೋನಿನ ಹಾಗೆ ವರ್ತಿಸುತ್ತದೆ ಎಂಬುದು ಸಣ್ಣ ಸುದ್ದಿಯಲ್ಲ. ಬೇರಿನಲ್ಲಿರುವ ವಸ್ತುವಿನ ರಚನೆಯನ್ನು ನೋಡಿದರೆ ಸಂಶಯಕ್ಕೂ ಎಡೆಯಿರಲಿಲ್ಲ. ಗ್ಲಿಸಿರೈಜಿನ್ ಹೊಟ್ಟೆಗೆ ಹೋದ ಮೇಲೆ ಕರುಳಿನ ಬ್ಯಾಕ್ಟೀರಿಯಾಗಳು ಅದರಿಂದ ಸಕ್ಕರೆಯ ಅಂಶವನ್ನು ಕಳಚುತ್ತವೆ. ಉಳಿಯುವ ಗ್ಲಿಸಿರೆಟಿನಿಕ್ ಆಮ್ಲಕ್ಕೆ ಅಡ್ರಿನಲ್ ಹಾರ್ಮೋನುಗಳಂತೆಯೇ ಒಂದಕ್ಕೊಂದು ಅಂಟಿದ ಇಂಗಾಲದ ಉಂಗುರಗಳಿವೆ. ಹಾರ್ಮೋನಿನ ಬೀಗಕ್ಕೆ ಇದೊಂದು ಕಳ್ಳಕೀಲಿ ಎಂದು ಎಲ್ಲರೂ ತಿಳಿದರು.

ಎಲ್ಲವೂ ಸರಿಹೊಂದಿತ್ತು, ಒಂದನ್ನು ಬಿಟ್ಟು. ಕಳ್ಳಕೀಲಿಯೇ ಆಗಿದ್ದರೆ ಅಡಿಸನ್ ರೋಗಿಗಳಿಗೆ ಬೇರಿನ ಸಾರವೊಂದೇ ಸಾಕಾಗಬೇಕಿತ್ತು. ಕೆಲವರಿಗೆ ಸಾಕಾಯಿತು ಕೂಡ. ಆದರೆ ಗ್ರಂಥಿಗಳು ಪೂರ್ತಿ ನಿಂತುಹೋಗಿದ್ದವರಿಗೆ ಎಷ್ಟು ಕೊಟ್ಟರೂ ಏನೂ ಆಗಲಿಲ್ಲ. ಅವರಿಗೆ ಜೊತೆಯಲ್ಲಿ ಸ್ವಲ್ಪ ಕಾರ್ಟಿಸೋನ್ ಮಾತ್ರೆ ಕೊಟ್ಟರೆ ಮಾತ್ರ ಬೇರು ಕೆಲಸ ಮಾಡುತ್ತಿತ್ತು. ಬೋರ್ಸ್ಟ್ ಅವರ ಗುಂಪು 1953ರಲ್ಲೇ ಇದನ್ನು ಬರೆದಿತ್ತು. ಉತ್ತರ ಅದರಲ್ಲೇ ಅಡಗಿತ್ತು, ಯಾರಿಗೂ ಕಾಣಲಿಲ್ಲ.

ಈ ನಡುವೆ ಹೊಟ್ಟೆಹುಣ್ಣಿನ ಕಡೆಯ ಕೆಲಸ ಬ್ರಿಟನ್ನಿನಲ್ಲಿ ಮುಂದುವರಿಯಿತು. ಲಂಡನ್ನಿನ ಬಯೋರೆಕ್ಸ್ ಪ್ರಯೋಗಾಲಯದವರು ಗ್ಲಿಸಿರೆಟಿನಿಕ್ ಆಮ್ಲಕ್ಕೆ ರಾಸಾಯನಿಕವಾಗಿ ಒಂದು ಬಾಲ ಜೋಡಿಸಿ ಕಾರ್ಬೆನೊಕ್ಸೊಲೋನ್ ಎಂಬ ಔಷಧ ತಯಾರಿಸಿದರು. ಅದನ್ನು ಪರೀಕ್ಷೆಗೆ ಒಡ್ಡಿದವರು ರಿಚರ್ಡ್ ಡಾಲ್. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು 1950ರಲ್ಲಿ ತೋರಿಸಿಕೊಟ್ಟ ಅದೇ ಡಾಲ್. ಅವರ ತಂಡದ 1962ರ ವರದಿಯ ಪ್ರಕಾರ ಜಠರದ ಹುಣ್ಣು ಈ ಔಷಧದಿಂದ ನಿಜವಾಗಿ ಮಾಯುತ್ತಿತ್ತು. ರೋಗಿ ಹಾಸಿಗೆ ಹಿಡಿಯದೆ ಮನೆಯಲ್ಲೇ ಓಡಾಡಿಕೊಂಡು ಗುಣವಾಗಬಹುದಿತ್ತು. ಔಷಧ ಜಠರದ ಆಮ್ಲವನ್ನು ಕಡಿಮೆ ಮಾಡುತ್ತಿರಲಿಲ್ಲ. ಬದಲಿಗೆ ಜಠರದ ಒಳಮೈಗೆ ಹೊದಿಕೆಯಾಗಿರುವ ಲೋಳೆಯನ್ನು ಹೆಚ್ಚಿಸುತ್ತಿತ್ತು. ಬಯೋಗ್ಯಾಸ್ಟ್ರೋನ್ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಪರೀಕ್ಷೆಯಲ್ಲಿ ಗೆದ್ದ ಮೊದಲ ಕೆಲವು ಹುಣ್ಣಿನ ಔಷಧಗಳಲ್ಲಿ ಇದೂ ಒಂದು.

ಬೇರಿನ ಗುಣ ಬಂದಂತೆ ಬೇರಿನ ದೋಷವೂ ಬಂತು. ಕಾಲು ಊದುವುದು, ರಕ್ತದೊತ್ತಡ ಏರುವುದು, ಪೊಟಾಸಿಯಂ ಕುಸಿಯುವುದು. ಇವುಗಳಲ್ಲಿ ಕೊನೆಯದೇ ಹೆಚ್ಚು ಭಯಂಕರ, ಏಕೆಂದರೆ ಅದು ಹೊರಗೆ ಕಾಣುವುದಿಲ್ಲ. ಸ್ನಾಯುಗಳು ಮತ್ತು ಹೃದಯ ನಡೆಯುವುದು ಪೊಟಾಸಿಯಂನ ಹದದ ಮೇಲೆ. ರಕ್ತದಲ್ಲಿ ಅದು ತೀರ ಇಳಿದರೆ ಮೊದಲು ಆಯಾಸ, ತೊಡೆಗಳಲ್ಲಿ ನಿಶ್ಶಕ್ತಿ. ಕೆಲವರಿಗೆ ಕುಳಿತಲ್ಲಿಂದ ಏಳಲೂ ಆಗುವುದಿಲ್ಲ. ಇನ್ನೂ ಇಳಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ. ವಯಸ್ಸಾದವರಿಗೆ, ಹೃದಯ ದುರ್ಬಲವಾದವರಿಗೆ ಈ ಔಷಧ ಕೊಡಲು ವೈದ್ಯರು ಹಿಂಜರಿಯತೊಡಗಿದರು.

ಊತ ಇಳಿಸಲು ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟರಾಯಿತಲ್ಲ ಎಂದು ತೋರಬಹುದು. ಇಲ್ಲಿ ವೈದ್ಯರಿಗೆ ಎದುರಾದದ್ದು ಅತ್ತ ದರಿ, ಇತ್ತ ಪುಲಿ ಎಂಬ ಸ್ಥಿತಿ. ಸಾಮಾನ್ಯವಾಗಿ ಬಳಸುವ ಥಯಾಜೈಡ್ ಮಾತ್ರೆಗಳಿಂದ ನೀರೇನೋ ಹೋಗುತ್ತಿತ್ತು, ಆದರೆ ಜೊತೆಯಲ್ಲಿ ಇನ್ನಷ್ಟು ಪೊಟಾಸಿಯಂ ಕೂಡ ಹೋಗುತ್ತಿತ್ತು. ಅಲ್ಡೋಸ್ಟೆರೋನ್ ಕೆಲಸವನ್ನು ನೇರವಾಗಿ ತಡೆಯುವ ಸ್ಪೈರೊನೊಲ್ಯಾಕ್ಟೋನ್ ಕೊಟ್ಟರೆ ಉಪ್ಪು, ನೀರು, ಪೊಟಾಸಿಯಂ ಮೂರೂ ಹದಕ್ಕೆ ಬರುತ್ತಿದ್ದವು. ಆದರೆ ಹುಣ್ಣು ಮಾಯುವುದೂ ನಿಂತುಹೋಗುತ್ತಿತ್ತು! 1968ರಲ್ಲಿ ಡಾಲ್ ಮತ್ತು ಸಂಗಡಿಗರು ಇದನ್ನು ತೋರಿಸಿದರು. ಅದೇ 1968ರಲ್ಲಿ ಅಮೆರಿಕದ ಜೆರೋಮ್ ಕಾನ್ ಅವರು ಜ್ಯೇಷ್ಠಮಧುವಿನ ಮಿಠಾಯಿ ತಿಂದು ರಕ್ತದೊತ್ತಡ ಏರಿಸಿಕೊಂಡ ರೋಗಿಯೊಬ್ಬನ ವಿವರ ಪ್ರಕಟಿಸಿದರು. ಅಡ್ರಿನಲ್ ಗ್ರಂಥಿಯ ಗಂಟಿನಿಂದ ಅಲ್ಡೋಸ್ಟೆರೋನ್ ಅತಿಯಾಗಿ ಸ್ರವಿಸುವ ಕಾಯಿಲೆಯನ್ನು 1955ರಲ್ಲಿ ಗುರುತಿಸಿದವರೂ ಇದೇ ಕಾನ್. ಮಿಠಾಯಿ ತಿಂದವನಲ್ಲಿ ಆ ಕಾಯಿಲೆಯ ಲಕ್ಷಣಗಳೆಲ್ಲ ಇದ್ದವು. ರಕ್ತ ಪರೀಕ್ಷಿಸಿದರೆ ಅಲ್ಡೋಸ್ಟೆರೋನ್ ಮಾತ್ರ ಹೆಚ್ಚಿರುವುದಿರಲಿ, ಇರಬೇಕಾದಷ್ಟೂ ಇರಲಿಲ್ಲ.

ಕಾರ್ಬೆನೊಕ್ಸೊಲೋನಿನ ಕಾಲ ಬೇಗ ಮುಗಿಯಿತು. 1976ರಲ್ಲಿ ಬ್ರಿಟನ್ನಿನಲ್ಲಿ ಸಿಮೆಟಿಡಿನ್ ಬಂತು. ಆಮ್ಲ ಸುರಿಯುವುದನ್ನೇ ತಡೆಯುವ ಈ ಔಷಧದ ಮುಂದೆ ಕಾಲು ಊದಿಸುವ ಮದ್ದು ಯಾರಿಗೆ ಬೇಕು? 1982ರಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರು ಜಠರದಲ್ಲಿ ಹೆಲಿಕೊಬ್ಯಾಕ್ಟರ್ ಎಂದು ಮುಂದೆ ಹೆಸರಾದ ಬ್ಯಾಕ್ಟೀರಿಯಾವನ್ನು ಬೆಳೆಸಿ ತೆಗೆದ ಮೇಲೆ ಹುಣ್ಣಿನ ಚಿಕಿತ್ಸೆಯ ದಿಕ್ಕೇ ಬದಲಾಯಿತು. 2005ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಸಂದಿತು. ಇಂದು ಹೊಟ್ಟೆಹುಣ್ಣಿಗೆ ಕಾರ್ಬೆನೊಕ್ಸೊಲೋನ್ ಬರೆದುಕೊಡುವ ವೈದ್ಯರು ಸಿಗುವುದು ಕಷ್ಟ.

ಒಗಟು ಮಾತ್ರ ಹಾಗೆಯೇ ಉಳಿದಿತ್ತು. ಅದು ಬಿಡಿಸಿಕೊಂಡದ್ದು ಜ್ಯೇಷ್ಠಮಧುವನ್ನು ಕಂಡೇ ಇರದ ಮಕ್ಕಳಿಂದ. 1970ರ ದಶಕದಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯೆ ಮರಿಯಾ ನ್ಯೂ ಮತ್ತು ಜೀವರಸಾಯನ ವಿಜ್ಞಾನಿ ಸ್ಟ್ಯಾನ್ಲಿ ಯೂಲಿಕ್ ಅವರು ಬಹು ಅಪರೂಪದ ಒಂದು ಹುಟ್ಟುಕಾಯಿಲೆಯನ್ನು ವರ್ಣಿಸಿದರು. ಪುಟ್ಟ ಮಕ್ಕಳಿಗೆ ವಯಸ್ಸಾದವರಿಗೂ ಬಾರದಷ್ಟು ರಕ್ತದೊತ್ತಡ, ಪೊಟಾಸಿಯಂ ಕೊರತೆ, ಬೆಳವಣಿಗೆಯ ಕುಂಠಿತ. ಅಲ್ಡೋಸ್ಟೆರೋನ್ ಇಲ್ಲವೆನ್ನುವಷ್ಟು ಕಡಿಮೆ. ಗಿಡದ ಮದ್ದು ತಿನ್ನದೆಯೇ ಆ ಮದ್ದಿನ ದೋಷಗಳೆಲ್ಲ ಬಂದಂತಿತ್ತು. ಮಕ್ಕಳ ಮೂತ್ರವನ್ನು ವಿಶ್ಲೇಷಿಸಿದಾಗ ಒಂದು ವಿಷಯ ಹೊರಬಿತ್ತು: ಅವರ ದೇಹ ಕಾರ್ಟಿಸಾಲ್ ಎಂಬ ಇನ್ನೊಂದು ಅಡ್ರಿನಲ್ ಹಾರ್ಮೋನನ್ನು ಕಾರ್ಟಿಸೋನ್ ಆಗಿ ಬದಲಾಯಿಸಲಾರದು.

ಕಾರ್ಟಿಸಾಲ್ ಉಪ್ಪಿನ ಹಾರ್ಮೋನಲ್ಲ. ಬೆಳಗ್ಗೆ ಎದ್ದಾಗ, ಜ್ವರ ಬಂದಾಗ, ಹೆದರಿದಾಗ, ಹಸಿದಾಗ ದೇಹವನ್ನು ಸಜ್ಜುಗೊಳಿಸುವುದು ಅದರ ಕೆಲಸ. ರಕ್ತದಲ್ಲಿ ಅದು ಅಲ್ಡೋಸ್ಟೆರೋನಿಗಿಂತ ನೂರರಿಂದ ಸಾವಿರ ಪಟ್ಟು ಹೆಚ್ಚಿರುತ್ತದೆ. 1987ರಲ್ಲಿ ಅಮೆರಿಕದ ಸಾಲ್ಕ್ ಸಂಸ್ಥೆಯ ರೊನಾಲ್ಡ್ ಎವಾನ್ಸ್ ಅವರ ಪ್ರಯೋಗಾಲಯದಲ್ಲಿ ಅಲ್ಡೋಸ್ಟೆರೋನಿನ ಗ್ರಾಹಕದ ಜೀನನ್ನು ಪ್ರತ್ಯೇಕಿಸಿದಾಗ ಮುಜುಗರದ ಸಂಗತಿಯೊಂದು ಖಚಿತವಾಯಿತು. ಆ ಗ್ರಾಹಕಕ್ಕೆ ಅಲ್ಡೋಸ್ಟೆರೋನ್ ಯಾವುದು, ಕಾರ್ಟಿಸಾಲ್ ಯಾವುದು ಎಂಬ ಭೇದವೇ ಗೊತ್ತಿಲ್ಲ! ಎರಡೂ ಅದಕ್ಕೆ ಸಮಾನವಾಗಿ ಅಂಟಿಕೊಳ್ಳುತ್ತವೆ. ಹಾಗಾದರೆ ಸಾವಿರ ಪಟ್ಟು ಇರುವ ಕಾರ್ಟಿಸಾಲ್ ಸದಾ ಗ್ರಾಹಕವನ್ನು ಆವರಿಸಿಕೊಂಡು ಪ್ರತಿಯೊಬ್ಬರ ಕಾಲೂ ಊದಬೇಕಿತ್ತಲ್ಲ?

ಊರ ಕೆರೆಯ ತೂಬನ್ನು ನೆನಪಿಸಿಕೊಳ್ಳಿ. ತೂಬು ಎತ್ತುವ ಅಧಿಕಾರ ನೀರುಗಂಟಿ ಒಬ್ಬನದು. ಎಷ್ಟು ನೀರು, ಯಾರ ಗದ್ದೆಗೆ, ಎಷ್ಟು ಹೊತ್ತು ಎಂಬುದು ಅವನಿಗೆ ಗೊತ್ತು. ಆದರೆ ತೂಬಿಗೆ ಬೀಗವಿಲ್ಲ, ಹಾರೆ ಇದ್ದ ಯಾರು ಬೇಕಾದರೂ ಎತ್ತಬಹುದು. ಊರಿನಲ್ಲಿ ಹಾರೆ ಇರುವವರು ಸಾವಿರ ಮಂದಿ. ನೀರುಗಂಟಿಯ ಮಾತು ನಡೆಯಬೇಕಾದರೆ ತೂಬಿನ ಬಳಿ ಒಬ್ಬ ಕಾವಲುಗಾರ ನಿಂತು, ಬಂದವರ ಹಾರೆಗಳನ್ನೆಲ್ಲ ಕಿತ್ತಿಟ್ಟುಕೊಳ್ಳಬೇಕು. ಮೂತ್ರಪಿಂಡದ ಕೊನೆಯ ತಿರುವಿನ ಕೋಶಗಳಲ್ಲಿ ಹೀಗೆ ನಿಂತಿರುವುದು ಒಂದು ಕಿಣ್ವ. ಅದು ಒಳಬಂದ ಕಾರ್ಟಿಸಾಲ್ ಅನ್ನು ಕಾರ್ಟಿಸೋನ್ ಆಗಿ ಮಾರ್ಪಡಿಸುತ್ತದೆ. ಕಾರ್ಟಿಸೋನ್ ಎಂದರೆ ಹಾರೆ ಕಳೆದುಕೊಂಡ ಕಾರ್ಟಿಸಾಲ್, ಗ್ರಾಹಕಕ್ಕೆ ಅಂಟಲಾರದು. ಗಿಡದ ಸಾರವಾಗಲಿ, ಕಾರ್ಬೆನೊಕ್ಸೊಲೋನ್ ಆಗಲಿ ತೂಬಿನ ತಂಟೆಗೇ ಹೋಗುವುದಿಲ್ಲ. ಕಾವಲುಗಾರನ ಕೈಕಟ್ಟುತ್ತವೆ, ಅಷ್ಟೆ. ಉಳಿದದ್ದನ್ನು ದೇಹದ ಸ್ವಂತ ಕಾರ್ಟಿಸಾಲ್ ಮಾಡಿ ಮುಗಿಸುತ್ತದೆ.

ಎಡಿನ್‌ಬರೋದ ಪಾಲ್ ಸ್ಟೀವರ್ಟ್ ಮತ್ತು ಕ್ರಿಸ್ಟೋಫರ್ ಎಡ್ವರ್ಡ್ಸ್ ಅವರ ತಂಡ ಆರೋಗ್ಯವಂತ ಸ್ವಯಂಸೇವಕರಿಗೆ ಜ್ಯೇಷ್ಠಮಧುವಿನ ಮಿಠಾಯಿ ತಿನ್ನಿಸಿ 1987ರಲ್ಲಿ ಇದನ್ನು ತೋರಿಸಿತು. ಪೊಟಾಸಿಯಂ ಇಳಿಯಿತು, ಮೂತ್ರದಲ್ಲಿ ಕಾರ್ಟಿಸೋನ್ ಕಡಿಮೆಯಾಯಿತು, ಕಾರ್ಟಿಸಾಲ್ ಕರಗದೆ ಉಳಿಯಿತು. ಆ ಹುಟ್ಟುಕಾಯಿಲೆಯ ಮಕ್ಕಳಲ್ಲಿ ಕಂಡದ್ದರ ಪಡಿಯಚ್ಚು. ಮರುವರ್ಷ ಎಡಿನ್‌ಬರೋದಿಂದಲೂ ಮೆಲ್ಬರ್ನಿನ ಜಾನ್ ಫಂಡರ್ ಅವರ ತಂಡದಿಂದಲೂ ಕಾವಲುಗಾರನ ಸಿದ್ಧಾಂತ ಒಟ್ಟೊಟ್ಟಿಗೆ ಹೊರಬಂತು. 1953ರ ಆಮ್‌ಸ್ಟರ್‌ಡ್ಯಾಮ್ ಒಗಟಿಗೂ ಉತ್ತರ ಸಿಕ್ಕಿತು. ಗ್ರಂಥಿ ಪೂರ್ತಿ ನಿಂತ ರೋಗಿಯ ಮೈಯಲ್ಲಿ ಕಾರ್ಟಿಸಾಲ್ ಇಲ್ಲ. ಹಾರೆ ಹಿಡಿದವರೇ ಇಲ್ಲದ ಊರಿನಲ್ಲಿ ಕಾವಲು ಇದ್ದರೇನು, ಬಿಟ್ಟರೇನು? ಕಾರ್ಟಿಸೋನ್ ಮಾತ್ರೆ ಕೊಟ್ಟಾಗ ಯಕೃತ್ತು ಅದನ್ನು ಕಾರ್ಟಿಸಾಲ್ ಆಗಿ ತಿರುಗಿಸುತ್ತಿತ್ತು. ಆಗ ಬೇರಿಗೂ ಕೆಲಸ ಸಿಗುತ್ತಿತ್ತು.

ಪಿಯುಸಿ ರಸಾಯನಶಾಸ್ತ್ರ ಓದುವವರು ಒಂದು ಪ್ರಶ್ನೆ ಕೇಳಬಹುದು. ಕಾವಲುಗಾರ ಅಲ್ಡೋಸ್ಟೆರೋನಿನ ಹಾರೆಯನ್ನೂ ಏಕೆ ಕಿತ್ತುಕೊಳ್ಳುವುದಿಲ್ಲ? ಕಿಣ್ವ ಕೈಹಾಕುವುದು ಕಾರ್ಟಿಸಾಲಿನ 11ನೇ ಇಂಗಾಲಕ್ಕೆ ಅಂಟಿದ ಹೈಡ್ರಾಕ್ಸಿಲ್ ಗುಂಪಿಗೆ. ಅಲ್ಲಿಂದ ಎರಡು ಹೈಡ್ರೋಜನ್ ತೆಗೆದು ಅದನ್ನು ಕೀಟೋನ್ ಮಾಡುತ್ತದೆ. ಅಲ್ಡೋಸ್ಟೆರೋನಿಗೂ 11ರಲ್ಲಿ ಹೈಡ್ರಾಕ್ಸಿಲ್ ಇದೆ. ಆದರೆ ಅದರ 18ನೇ ಇಂಗಾಲದಲ್ಲಿ ಒಂದು ಆಲ್ಡಿಹೈಡ್ ಗುಂಪೂ ಇದೆ. ಹಾರ್ಮೋನಿನ ಹೆಸರಿನ ಮೊದಲ ಅಕ್ಷರಗಳು ಬಂದದ್ದೇ ಅದರಿಂದ. ಈ ಎರಡು ಗುಂಪುಗಳು ಪರಸ್ಪರ ಕೈಹಿಡಿದು ಹೆಮಿಅಸಿಟಾಲ್ ಉಂಗುರವಾಗಿ ಕುಳಿತಿರುವುದರಿಂದ ಕಿಣ್ವಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಪಠ್ಯಪುಸ್ತಕದ ಹೆಮಿಅಸಿಟಾಲ್ ಎಂಬ ಒಣಪದಕ್ಕೆ ಇಷ್ಟು ಜೀವಂತವಾದ ಉದಾಹರಣೆ ಇನ್ನೊಂದು ದೊರೆಯಲಾರದು.

ಈಗ ಮನೆಯ ಮಾತು. ಗಿಡದಿಂದ ಬಂದದ್ದೆಲ್ಲ ನಿರಪಾಯ ಎನ್ನುವವರಿಗೂ, ಬೇರುನಾರುಗಳಲ್ಲಿ ಏನೂ ಸತ್ವವಿಲ್ಲ ಎನ್ನುವವರಿಗೂ ಈ ಕಥೆ ಒಗ್ಗುವುದಿಲ್ಲ. ನೆಗಡಿಗೆ ಎರಡು ಮೂರು ದಿನ ಒಂದು ಚೂರು ಅಗಿದರೆ ಆರೋಗ್ಯವಂತರು ಹೆದರಬೇಕಾಗಿಲ್ಲ. ಯೂರೋಪಿನ ಆಹಾರ ತಜ್ಞರ ಸಮಿತಿ ನಿತ್ಯ ಸೇವನೆಗೆ ಹೇಳಿರುವ ಮಿತಿ ದಿನಕ್ಕೆ 100 ಮಿಲಿಗ್ರಾಂ ಗ್ಲಿಸಿರೈಜಿನ್. ಬೇರಿನಲ್ಲಿ ಅದರ ಅಂಶ ಎಲ್ಲ ಕಡೆ ಒಂದೇ ಇರುವುದಿಲ್ಲ. ನೂರಕ್ಕೆ 5 ಎಂದು ಇಟ್ಟುಕೊಂಡರೆ 2 ಗ್ರಾಂ ಪುಡಿಯಲ್ಲಿ ಆ ಮಿತಿ ಮುಟ್ಟಿತು. ಒಂದು ಚಹಾ ಚಮಚದಲ್ಲಿ ಹಿಡಿಯುವುದು ಅದಕ್ಕಿಂತ ಕಡಿಮೆಯೇನಲ್ಲ. ಚಮಚ ಪುಡಿಯನ್ನು ದಿನಾ ಬೆಳಗ್ಗೆ ತಿಂಗಳುಗಟ್ಟಲೆ ನುಂಗುವುದು ಕೆಮ್ಮಿನ ಮದ್ದಲ್ಲ, ವೈದ್ಯರ ಉಸ್ತುವಾರಿ ಬೇಕಾದ ಚಿಕಿತ್ಸೆ.

ವಿಶೇಷವಾಗಿ ಎಚ್ಚರ ವಹಿಸಬೇಕಾದವರು ಮನೆಯ ಹಿರಿಯರು. ಅಜ್ಜ ರಕ್ತದೊತ್ತಡಕ್ಕೆಂದು ನೀರಿನ ಮಾತ್ರೆ ನುಂಗುತ್ತಿರುತ್ತಾರೆ, ಅದು ಮೊದಲೇ ಪೊಟಾಸಿಯಂ ಕಳೆಯುವಂಥದು. ಅದರ ಮೇಲೆ ಯಾರೋ ಹೇಳಿದರೆಂದು ಗ್ಯಾಸ್ಟ್ರಿಕ್ಕಿಗೆ ಜ್ಯೇಷ್ಠಮಧು ಶುರುವಾಗುತ್ತದೆ. ಹೃದಯಕ್ಕೆ ಡಿಜಾಕ್ಸಿನ್ ತೆಗೆದುಕೊಳ್ಳುವವರಾದರೆ ಪೊಟಾಸಿಯಂ ಇಳಿದಾಗ ಆ ಮಾತ್ರೆಯೇ ವಿಷವಾಗುತ್ತದೆ. ವೈದ್ಯರು ಏನೇನು ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಕಷಾಯ, ಚೂರ್ಣ, ಲೇಹ್ಯಗಳ ಹೆಸರನ್ನೂ ಹೇಳಬೇಕು. ಹೆಚ್ಚಿನವರು ಹೇಳುವುದಿಲ್ಲ, ಅವು ಔಷಧವೆಂದು ಅವರಿಗೆ ತೋರುವುದೇ ಇಲ್ಲ. ಮೂತ್ರಪಿಂಡದ ತೊಂದರೆ ಇರುವವರೂ ಇದರಿಂದ ದೂರವಿರುವುದು ಒಳ್ಳೆಯದು. ಗರ್ಭಿಣಿಯರು ಸಹ ಹಾಗೆಯೇ. ತಾಯಿಯ ಕಾರ್ಟಿಸಾಲ್ ಮಗುವಿಗೆ ಅತಿಯಾಗಿ ತಲುಪದಂತೆ ಗರ್ಭದ ಮಾಸುವಿನಲ್ಲೂ ಇದೇ ಕಿಣ್ವ ಕಾವಲು ನಿಂತಿದೆ. ಜ್ಯೇಷ್ಠಮಧುವಿನ ಮಿಠಾಯಿಯ ಚಪಲ ಹೆಚ್ಚಾಗಿರುವ ಫಿನ್ಲೆಂಡಿನಲ್ಲಿ ಗರ್ಭಿಣಿಯರು ಅದನ್ನು ಹೆಚ್ಚಾಗಿ ತಿನ್ನಬಾರದೆಂದು ಅಧಿಕೃತವಾಗಿಯೇ ಹೇಳಲಾಗಿದೆ. ಹೊಟ್ಟೆಗಾಗಿಯೇ ಬೇಕೆನ್ನುವವರಿಗೆ ಗ್ಲಿಸಿರೈಜಿನ್ ತೆಗೆದುಹಾಕಿದ ಸಾರದ ಮಾತ್ರೆಗಳು ಸಿಗುತ್ತವೆ. ಅವುಗಳಿಂದ ಈ ಉಪ್ಪಿನ ತೊಂದರೆ ಇರುವುದಿಲ್ಲ.

ಮಿಠಾಯಿಯಿಂದ ಯಾರಾದರೂ ಸಾಯುತ್ತಾರೆಯೇ ಎಂದು ನಗುವವರಿದ್ದಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ 54 ವರ್ಷದ ಕಟ್ಟಡ ಕಾರ್ಮಿಕನೊಬ್ಬನ ವೃತ್ತಾಂತ 2020ರಲ್ಲಿ ನ್ಯೂ ಇಂಗ್ಲೆಂಡ್ ವೈದ್ಯಪತ್ರಿಕೆಯಲ್ಲಿ ಬಂದಿದೆ. ದಿನಕ್ಕೆ ಒಂದೆರಡು ಪೊಟ್ಟಣ ಮೆತ್ತನೆಯ ಮಿಠಾಯಿ ತಿನ್ನುವುದು ಅವನ ರೂಢಿ. ಕೆಲವು ವಾರಗಳ ಹಿಂದೆ ಬೇರೆ ಮಿಠಾಯಿ ಬಿಟ್ಟು ಜ್ಯೇಷ್ಠಮಧುವಿನ ಕಪ್ಪು ಮಿಠಾಯಿಗೆ ಬದಲಾಯಿಸಿಕೊಂಡಿದ್ದ. ಒಂದು ಹೋಟೆಲಿನಲ್ಲಿ ಕುಸಿದುಬಿದ್ದವನ ಪೊಟಾಸಿಯಂ ಅಪಾಯದ ಮಟ್ಟಕ್ಕೆ ಇಳಿದಿತ್ತು. ವೈದ್ಯರು ಉಳಿಸಿಕೊಳ್ಳಲಾಗಲಿಲ್ಲ. ಅಮೆರಿಕದ ಔಷಧ ಮತ್ತು ಆಹಾರ ನಿಯಂತ್ರಣ ಇಲಾಖೆ ಅದಕ್ಕೆ ಮೊದಲೇ ಎಚ್ಚರಿಕೆ ಕೊಟ್ಟಿತ್ತು: 40 ದಾಟಿದವರು ಇಂಥ ಮಿಠಾಯಿಯನ್ನು ದಿನಕ್ಕೆ ಎರಡು ಔನ್ಸಿನಂತೆ, ಅಂದರೆ ಸುಮಾರು 57 ಗ್ರಾಂ, ಎರಡು ವಾರ ತಿಂದರೆ ಹೃದಯದ ಬಡಿತ ಕೆಟ್ಟು ಆಸ್ಪತ್ರೆ ಸೇರಬೇಕಾದೀತು ಎಂದು.

ರಕ್ತದೊತ್ತಡ ಹೆಚ್ಚು, ಪೊಟಾಸಿಯಂ ಕಡಿಮೆ, ಅಲ್ಡೋಸ್ಟೆರೋನ್ ಕೂಡ ಕಡಿಮೆ: ಈ ಮೂರೂ ಒಟ್ಟಿಗೆ ಕಂಡಾಗ ಅನುಭವಿ ವೈದ್ಯರು ಇನ್ನಷ್ಟು ಪರೀಕ್ಷೆಗೆ ಬರೆಯುವ ಮುನ್ನ ರೋಗಿ ಏನು ತಿನ್ನುತ್ತಾನೆ ಎಂದು ಕೇಳುತ್ತಾರೆ. ಕಾರಣ ಜ್ಯೇಷ್ಠಮಧುವೇ ಆಗಿದ್ದರೆ ಅದನ್ನು ನಿಲ್ಲಿಸುವುದು, ಪೊಟಾಸಿಯಂ ತುಂಬಿಕೊಡುವುದು ಮುಖ್ಯ ಚಿಕಿತ್ಸೆ. ಆದರೆ ಬೇರನ್ನು ಬಿಟ್ಟ ಮರುದಿನವೇ ಎಲ್ಲ ಸರಿಹೋಗುವುದಿಲ್ಲ. ಗ್ಲಿಸಿರೆಟಿನಿಕ್ ಆಮ್ಲ ಪಿತ್ತರಸದೊಂದಿಗೆ ಕರುಳಿಗೆ ಇಳಿದು ಮತ್ತೆ ರಕ್ತಕ್ಕೆ ಹೀರಲ್ಪಡುತ್ತ ಕೆಲವು ದಿನ ಮೈಯಲ್ಲೇ ಸುತ್ತುತ್ತಿರುತ್ತದೆ. ಕಿಣ್ವ ಪೂರ್ತಿ ಚೇತರಿಸಿಕೊಳ್ಳಲು ಎರಡು ವಾರಗಳಾದರೂ ಆಗಬಹುದು. ಕೆಲಸವಿಲ್ಲದೆ ಸುಮ್ಮನಾಗಿದ್ದ ಅಲ್ಡೋಸ್ಟೆರೋನ್ ತನ್ನ ಹಳೆಯ ಮಟ್ಟಕ್ಕೆ ಮರಳಲು ಕೆಲವರಲ್ಲಿ ತಿಂಗಳುಗಳೇ ಹಿಡಿಯುತ್ತವೆ.